ಬಯಲಿನಲ್ಲಿ ಕೊಳಲು ನುಡಿಸುವವರಿಗೆ: ಗಾಳಿಗೆ ಯಾವ ಮರೆ ಸೂಕ್ತ?

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕೊಳಲು ನುಡಿಸುವವರು ವರ್ಷದಲ್ಲಿ ಕೆಲವು ಬಾರಿಯಾದರೂ ಬಯಲಿನಲ್ಲಿ ನುಡಿಸಬೇಕಾಗುತ್ತದೆ. ಊರಹಬ್ಬದ ಪೆಂಡಾಲು, ಶಾಲೆಯ ಮೈದಾನದ ವಾರ್ಷಿಕೋತ್ಸವ, ಕಾಫಿ ತೋಟದ ಹೋಂಸ್ಟೇಯ ಅಂಗಳದಲ್ಲಿ ನಡೆಯುವ ಮದುವೆ, ದೇವರ ಉತ್ಸವದ ಜೊತೆ ನಡೆದು ಸಾಗುವ ಭಜನೆ, ಬೆಟ್ಟದ ನೆತ್ತಿಯ ವಿಡಿಯೊ ಚಿತ್ರೀಕರಣ, ಹೀಗೆ ಎಲ್ಲೇ ಆದರೂ ಪಕ್ಕದಲ್ಲಿ ಕುಳಿತ ಪಿಟೀಲು, ಮೃದಂಗದವರಿಗೆ ಗಾಳಿಯಿಂದ ಅಷ್ಟಾಗಿ ತೊಂದರೆಯಾಗದಿದ್ದರೂ ಕೊಳಲು ಮಾತ್ರ ಸ್ವರದ ನಡುವೆಯೇ ಸದ್ದು ಕಳೆದುಕೊಳ್ಳುತ್ತದೆ. ಇದಕ್ಕೆ ಪರಿಹಾರಗಳು ಹಲವಿವೆ: ಕುಳಿತುಕೊಳ್ಳುವ ದಿಕ್ಕನ್ನು ಬದಲಿಸುವುದು, ಗೋಡೆ ಮರಗಳ ಮರೆ ಹುಡುಕುವುದು, ಪರದೆ ಕಟ್ಟುವುದು, ಕೊಳಲಿಗೇ ಒಂದು ಚಿಕ್ಕ ತಡೆ ಸಿಕ್ಕಿಸುವುದು, ಬೇರೆ ಕೊಳಲನ್ನು ಕೈಗೆತ್ತಿಕೊಳ್ಳುವುದು. ಇವುಗಳಲ್ಲಿ ಯಾವುದು ಯಾವ ಸಂದರ್ಭಕ್ಕೆ ಹೊಂದುತ್ತದೆ ಎಂಬುದನ್ನು ಇಲ್ಲಿ ಹೋಲಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಗಾಳಿಯನ್ನು ತುಟಿಯಿಂದ ದೂರದಲ್ಲಿ ತಡೆದಷ್ಟೂ ನಾದ ಚೆನ್ನಾಗಿ ಉಳಿಯುತ್ತದೆ, ತುಟಿಯ ಹತ್ತಿರಕ್ಕೆ ತಡೆಯನ್ನು ತಂದಷ್ಟೂ ನಾದದಲ್ಲಿ ಏನನ್ನಾದರೂ ಬಿಟ್ಟುಕೊಡಬೇಕಾಗುತ್ತದೆ.

ಗಾಳಿ ಕೆಡಿಸುವುದು ಏನನ್ನು?

ತುಟಿಗಳ ನಡುವಿನಿಂದ ಹೊರಬರುವ ತೆಳುವಾದ ಉಸಿರಿನ ಪಟ್ಟಿಯು ಊದುವ ರಂಧ್ರವನ್ನು ದಾಟಿ ಎದುರಿನ ಅಂಚಿಗೆ ತಾಗುವಲ್ಲಿ ಕೊಳಲಿನ ನಾದ ಹುಟ್ಟುತ್ತದೆ. ಆ ಪಟ್ಟಿ ಅಂಚಿನ ಒಳಕ್ಕೂ ಹೊರಕ್ಕೂ ಸೆಕೆಂಡಿಗೆ ನೂರಾರು ಬಾರಿ ತೂಗಾಡುತ್ತ ಕೊಳವೆಯೊಳಗಿನ ಗಾಳಿಯ ಕಂಪನವನ್ನು ಕಾಪಾಡಿಕೊಂಡು ಹೋಗುತ್ತದೆ. ತುಟಿಯಿಂದ ಅಂಚಿಗಿರುವ ದೂರ ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ಕಡಿಮೆ, ಆದರೆ ಆ ಚಿಕ್ಕ ದೂರವನ್ನು ಉಸಿರು ಯಾವ ಆವರಣವೂ ಇಲ್ಲದೆ ಬಯಲಿನಲ್ಲೇ ದಾಟಬೇಕು. ಓಲಗದಲ್ಲಿ ಕಂಪಿಸುವ ಪೀಪಿಯು ಊದುವವರ ಬಾಯಿಯೊಳಗೇ ಇರುವುದರಿಂದ ಅದಕ್ಕೆ ಗಾಳಿಯ ಭಯವಿಲ್ಲ. ದೇವಸ್ಥಾನದ ಹೊರಗೆ, ಬೀದಿಯಲ್ಲಿ, ಮೆರವಣಿಗೆಯಲ್ಲಿ ಅದು ನಿರಾತಂಕವಾಗಿ ಮೊಳಗಲು ಜೋರಾದ ದನಿಯಷ್ಟೇ ಇದೂ ಕಾರಣ.

ಉಸಿರಿನ ಪಟ್ಟಿಯ ವೇಗ ಸ್ಥಾಯಿಯನ್ನು ಅನುಸರಿಸಿ ಬದಲಾಗುತ್ತದೆ. ಮಂದ್ರದ, ಎಂದರೆ ಕೆಳಗಿನ ಸ್ಥಾಯಿಯ, ಸ್ವರಗಳಿಗೆ ಅದು ಸೆಕೆಂಡಿಗೆ ಸುಮಾರು 15 ಮೀಟರಿನ ಆಸುಪಾಸಿನಲ್ಲಿದ್ದರೆ ಮೇಲಿನದಾದ ತಾರಸ್ಥಾಯಿಯಲ್ಲಿ ಅದರ ಎರಡು ಮೂರು ಪಟ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಎಂದರೆ ಸೆಕೆಂಡಿಗೆ ಐದೂವರೆ ಮೀಟರ್; ಅಂದರೆ ಮಂದ್ರದ ಉಸಿರಿನ ಮೂರನೇ ಒಂದು ಭಾಗದಷ್ಟು ವೇಗದಲ್ಲಿ ಅಡ್ಡಗಾಳಿ ಅದನ್ನು ತಳ್ಳುತ್ತಿರುತ್ತದೆ. ಪಟ್ಟಿ ಒಂದೆರಡು ಮಿಲಿಮೀಟರ್ ಸರಿದರೂ ಅಂಚು ತಪ್ಪುತ್ತದೆ, ನಾದ ಒಡೆದು ಬರಿಯ ಉಸಿರಿನ ಸದ್ದು ಉಳಿಯುತ್ತದೆ. ಎಲ್ಲ ರಂಧ್ರಗಳನ್ನು ಮುಚ್ಚಿ ನುಡಿಸುವ ಸ್ವರಗಳು ಮೊದಲು ಬಿದ್ದುಹೋಗುವುದಕ್ಕೂ ಅದೇ ಗಾಳಿಯಲ್ಲಿ ತಾರದ ಷಡ್ಜ ನಿಲ್ಲುವುದಕ್ಕೂ ಕಾರಣ ಇದೇ.

ಗಾಳಿಯ ಎರಡನೆಯ ಕೆಲಸ ತಣಿಸುವುದು. ಶಬ್ದದ ವೇಗವು ಉಷ್ಣತೆ ಒಂದು ಡಿಗ್ರಿ ಇಳಿದಾಗ ಸೆಕೆಂಡಿಗೆ ಸುಮಾರು 0.6 ಮೀಟರ್ ಕಡಿಮೆಯಾಗುವುದರಿಂದ, ಕೊಳವೆಯೊಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ ಶ್ರುತಿಯು ಅರ್ಧಸ್ವರದ ಮೂರನೇ ಒಂದು ಭಾಗಕ್ಕೆ ಹತ್ತಿರ ಇಳಿಯುತ್ತದೆ. ಒಳಾಂಗಣದಲ್ಲಿ ಉಸಿರಿನ ಬಿಸಿ ಕೊಳಲನ್ನು ಬೆಚ್ಚಗಿಡುತ್ತದೆ, ಗಾಳಿ ಬೀಸುವಲ್ಲಿ ಆ ಬಿಸಿ ನಿಲ್ಲುವುದಿಲ್ಲ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾತ್ರ ತನ್ನ ಜಾಗದಲ್ಲೇ ಇರುತ್ತದೆ. ಮಾಗಿಯ ಬೆಳಗಿನ ಕಾರ್ಯಕ್ರಮಗಳಲ್ಲಿ ಕೊಳಲು ಶ್ರುತಿಗೆ ಕೆಳಗೆ ನಿಂತಂತೆ ಕೇಳಿಸಿದರೆ ವಾದಕರ ತುಟಿಯನ್ನು ದೂರುವ ಮೊದಲು ಇದನ್ನು ನೆನೆಯಬೇಕು.

ಆಯ್ಕೆಗೆ ಮೊದಲು ಗಾಳಿಯನ್ನು ನೋಡುವುದು

ಮುಖಕ್ಕೆ ಗಾಳಿ ತಾಗಿದ ಅನುಭವವಾಗಿ ಎಲೆಗಳು ಸರಸರ ಎನ್ನುವಷ್ಟಿದ್ದರೆ ಅದರ ವೇಗ ಗಂಟೆಗೆ 6ರಿಂದ 11 ಕಿಲೋಮೀಟರ್. ಎಲೆಗಳೂ ಸಣ್ಣ ರೆಂಬೆಗಳೂ ಬಿಡದೆ ಅಲುಗುತ್ತಿದ್ದರೆ, ಹಗುರವಾದ ಬಾವುಟ ಬಿಚ್ಚಿಕೊಂಡು ಹಾರುತ್ತಿದ್ದರೆ 12ರಿಂದ 19. ಧೂಳೆದ್ದು ಕಾಗದದ ಚೂರುಗಳು ಹಾರತೊಡಗಿದರೆ 20ರಿಂದ 28. ಮೊದಲನೆಯದರಲ್ಲಿ ದಿಕ್ಕು ಬದಲಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ, ಎರಡನೆಯದಕ್ಕೆ ಯಾವುದಾದರೂ ಮರೆ ಬೇಕು, ಮೂರನೆಯದರಲ್ಲಿ ಉದ್ದ ಕೊಳಲಿನ ಮಂದ್ರದ ಆಲಾಪನೆಯನ್ನು ಬಯಲಿನಲ್ಲಿ ಆಸೆಪಡದಿರುವುದೇ ಲೇಸು.

ವೇಗಕ್ಕಿಂತ ಹೆಚ್ಚಿನದನ್ನು ತಿಳಿಸುವ ಒಂದು ಸರಳ ಪರೀಕ್ಷೆಯಿದೆ, ಇದನ್ನು ಪ್ರತಿಯೊಬ್ಬ ವಾದಕರೂ ರೂಢಿಸಿಕೊಳ್ಳಬೇಕು ಎಂಬುದು ನನ್ನ ಒತ್ತಾಯ. ಒಂದು ಊದುಬತ್ತಿ ಹಚ್ಚಿ, ಕುಳಿತುಕೊಳ್ಳುವ ಜಾಗದಲ್ಲಿ ಬಾಯಿಯ ಎತ್ತರಕ್ಕೆ ಹಿಡಿದು ನಿಧಾನವಾಗಿ ಗಮನಿಸಬೇಕು. ಹೊಗೆ ಒಂದು ಗೇಣಿನಷ್ಟು ಎಳೆಯಾಗಿ ಮೇಲೇರಿ ಆಮೇಲೆ ಬಾಗಿದರೆ ಯಾವ ಏರ್ಪಾಡೂ ಬೇಕಿಲ್ಲ. ಹೊಗೆ ಕಡ್ಡಿಯ ತುದಿಯಲ್ಲೇ ಅಡ್ಡಮಲಗಿ ಒಂದೇ ಕಡೆಗೆ ಓಡಿದರೆ ಗಾಳಿ ಜೋರಾಗಿದ್ದರೂ ಅದರ ದಿಕ್ಕು ಸ್ಥಿರವಾಗಿದೆ ಎಂದರ್ಥ. ತಿರುಗಿ ಕೂತರೆ ಅಥವಾ ಒಂದು ಬದಿಗೆ ಪರದೆ ಕಟ್ಟಿದರೆ ಸಾಕು. ಹೊಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿ ತನ್ನಲ್ಲೇ ಸುತ್ತಿಕೊಂಡು ಚದುರಿದರೆ ಅಲ್ಲಿ ಸುಳಿಗಾಳಿಯಿದೆ, ಆ ಜಾಗದಲ್ಲಿ ಯಾವ ದಿಕ್ಕಿಗೆ ಮುಖ ಮಾಡಿದರೂ ಕೊಳಲು ಆಗಾಗ ಕೈಕೊಡುತ್ತದೆ. ಸುಳಿಗಾಳಿ ಇರುವಲ್ಲಿ ಜಾಗವನ್ನೇ ಬದಲಿಸಬೇಕು. ಹದವಾಗಿ ಬೀಸುವ ಗಾಳಿಗಿಂತ ಮಂದವಾದ ಸುಳಿಯೇ ಕೊಳಲಿಗೆ ದೊಡ್ಡ ಶತ್ರು ಎಂಬುದನ್ನು ಹೊಸಬರು ಬೇಗ ನಂಬುವುದಿಲ್ಲ, ಊದುಬತ್ತಿ ಅದನ್ನು ಕಣ್ಣಿಗೆ ತೋರಿಸುತ್ತದೆ.

ಖರ್ಚಿಲ್ಲದ ಆಯ್ಕೆ: ಬೆನ್ನನ್ನು ಗಾಳಿಗೆ ಕೊಡುವುದು

ಎದುರಿನಿಂದ ಬೀಸುವ ಗಾಳಿ ಉಸಿರಿನ ಪಟ್ಟಿಯನ್ನು ತುಟಿಯತ್ತ ಹಿಂದಕ್ಕೆ ತಳ್ಳುತ್ತದೆ, ಪಕ್ಕದಿಂದ ಬೀಸುವ ಗಾಳಿ ಅದನ್ನು ರಂಧ್ರದ ಉದ್ದಕ್ಕೆ ಸರಿಸುತ್ತದೆ. ಹಿಂದಿನಿಂದ ಬಂದ ಗಾಳಿಗೆ ವಾದಕರ ತಲೆ ಮತ್ತು ಹೆಗಲುಗಳೇ ಅಡ್ಡ ನಿಲ್ಲುವುದರಿಂದ ಬಾಯಿಯ ಮುಂದೆ ತಕ್ಕಮಟ್ಟಿಗೆ ಶಾಂತವಾದ ಜಾಗ ಉಂಟಾಗುತ್ತದೆ. ಆದ್ದರಿಂದ ಗಾಳಿಗೆ ಬೆನ್ನು ಕೊಟ್ಟು ಕೂತು, ಮಂದ್ರದ ಪಂಚಮವನ್ನು ದೀರ್ಘವಾಗಿ ಹಿಡಿದು, ಮುಖವನ್ನು ಎಡಕ್ಕೂ ಬಲಕ್ಕೂ ಸ್ವಲ್ಪಸ್ವಲ್ಪವೇ ತಿರುಗಿಸಿ, ಸ್ವರ ಅತ್ಯಂತ ದಟ್ಟವಾಗಿ ಕೇಳುವ ಕೋನವನ್ನು ಗುರುತಿಟ್ಟುಕೊಳ್ಳುವುದು ಮೊದಲ ಹೆಜ್ಜೆ. ಎಷ್ಟೋ ಸಲ ಅತಿ ಒಳ್ಳೆಯ ಕೋನ ನೇರ ಬೆನ್ನಿನದಾಗಿರದೆ ತುಸು ಓರೆಯಾಗಿರುತ್ತದೆ, ಏಕೆಂದರೆ ತಲೆಯ ಎರಡೂ ಬದಿಯಿಂದ ಸುತ್ತಿ ಬರುವ ಗಾಳಿ ಬಾಯಿಯ ಮುಂದೆಯೇ ಕೂಡಿಕೊಳ್ಳುವ ಸಾಧ್ಯತೆ ಇರುತ್ತದೆ.

ಇದರಿಂದ ಕೇಳುಗರಿಗೂ ಲಾಭವಿದೆ. ಗಾಳಿ ಹೋಗುವ ಕಡೆಗೆ ಶಬ್ದ ನೆಲದತ್ತ ಬಾಗುತ್ತದೆ, ಗಾಳಿಯ ಎದುರು ದಿಕ್ಕಿನಲ್ಲಿ ಅದು ಮೇಲಕ್ಕೆ ಬಾಗಿ ಕೇಳುಗರ ತಲೆಯ ಮೇಲಿನಿಂದ ದಾಟಿಹೋಗುತ್ತದೆ. ವಾದಕರ ಬೆನ್ನಿಗೆ ಗಾಳಿ, ಮುಖದ ಕಡೆ ಸಭಿಕರು ಎಂದಾದರೆ ಮೈಕಿಲ್ಲದ ಕೊಳಲೂ ಹಿಂದಿನ ಸಾಲಿನವರೆಗೆ ಮುಟ್ಟುತ್ತದೆ.

ನಮ್ಮ ಕಡೆ ಇದನ್ನು ತಿಂಗಳಿನ ಲೆಕ್ಕದಲ್ಲಿ ಯೋಚಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ, ನೈಋತ್ಯದಿಂದ ಬರುತ್ತದೆ, ಆಷಾಢದಲ್ಲಿ ಅದು ಉಗ್ರವಾಗಿರುತ್ತದೆ. ಮಾಗಿಯಲ್ಲಿ ಮೂಡಣ, ಈಶಾನ್ಯದ ಒಣಗಾಳಿ ಬೀಸುತ್ತದೆ. ವೇದಿಕೆಯ ಮೇಲೆ ಕಲಾವಿದರು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕೂರುವ ಸಂಪ್ರದಾಯ ಮಳೆಗಾಲದಲ್ಲಿ ಕೊಳಲಿಗೆ ಅನುಕೂಲವೇ ಆಗುತ್ತದೆ, ಏಕೆಂದರೆ ಆಗ ಗಾಳಿ ಹಿಂದಿನಿಂದ ಬರುತ್ತದೆ. ಆದರೆ ಆಷಾಢದಲ್ಲಿ ಮದುವೆಗಳಿಲ್ಲ. ಮದುವೆ, ಉಪನಯನ, ಶಾಲಾ ವಾರ್ಷಿಕೋತ್ಸವಗಳು ಒತ್ತೊತ್ತಾಗಿ ಬರುವ ಕಾರ್ತಿಕದಿಂದ ಮಾಘದವರೆಗಿನ ದಿನಗಳಲ್ಲಿ ಪೂರ್ವಾಭಿಮುಖವಾದ ವೇದಿಕೆ ಎಂದರೆ ಮೂಡಣ ಗಾಳಿ ನೇರವಾಗಿ ಮುಖಕ್ಕೆ. ಸಭಿಕರಿಗೂ ವಾದಕರಿಗೂ ನಡುವೆ ಪರದೆ ಕಟ್ಟುವಂತಿಲ್ಲವಾದ್ದರಿಂದ ಈ ಒಂದು ಸಂದರ್ಭದಲ್ಲಿ ದಿಕ್ಕನ್ನು ಬಿಟ್ಟು ಬೇರೆ ಯಾವ ಉಪಾಯವೂ ಪೂರ್ತಿ ಫಲ ಕೊಡುವುದಿಲ್ಲ. ವೇದಿಕೆ ಕಟ್ಟುವ ಮೊದಲೇ ಆಯೋಜಕರೊಡನೆ ಮಾತನಾಡಿ ಅದನ್ನು ದಕ್ಷಿಣಕ್ಕೆ ಅಥವಾ ಪಶ್ಚಿಮಕ್ಕೆ ತಿರುಗಿಸಲು ಕೇಳಿಕೊಳ್ಳುವುದು ಉತ್ತಮ, ಸಂಪ್ರದಾಯವನ್ನು ಬಿಡಲು ಅವರಿಗೆ ಮನಸ್ಸಿಲ್ಲದಿದ್ದರೆ ಕೊಳಲಿನವರೊಬ್ಬರಾದರೂ ಓರೆಯಾಗಿ ಕೂರಲು ಜಾಗ ಬಿಡಿಸಿಕೊಳ್ಳಬೇಕು. ಕಲಾವಿದರಿಗೆ ಸೆಖೆಯಾಗಬಾರದೆಂದು ಪ್ರೀತಿಯಿಂದ ತಂದಿಡುವ ಸ್ಟ್ಯಾಂಡ್ ಫ್ಯಾನಿಗೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ಮೃದಂಗದವರ ಕಡೆಗೆ ತಿರುಗಿಸಬೇಕು.

ಇದ್ದಲ್ಲೇ ಸಿಗುವ ಮರೆಗಳು

ಗೋಡೆ, ಮಂಟಪ, ಮರಗಳ ಸಾಲು, ಕೆರೆಯ ಏರಿ ಇವುಗಳನ್ನು ಮರೆಯಾಗಿ ಬಳಸುವಾಗ ಜನ ಎಡವುವುದು ಮೂಲೆಗಳಲ್ಲಿ. ಕಟ್ಟಡಕ್ಕೆ ಬಡಿದ ಗಾಳಿ ಅದರ ಮೂಲೆಗಳನ್ನು ಸುತ್ತಿಕೊಂಡು ಹೋಗುವಾಗ ಬಯಲಿನಲ್ಲಿದ್ದುದಕ್ಕಿಂತ ಹೆಚ್ಚು ವೇಗ ಪಡೆಯುತ್ತದೆ, ಎರಡು ಕಟ್ಟಡಗಳ ನಡುವಿನ ಓಣಿಯಲ್ಲೂ ಹಾಗೆಯೇ. ಗೋಡೆಯ ಮರೆಯನ್ನು ಆರಿಸಿಕೊಂಡರೆ ಅದರ ನಡುಭಾಗದಲ್ಲಿ, ಗೋಡೆಗೆ ಹತ್ತಿರವಾಗಿ ಕೂರಬೇಕು. ಹೇಮಾವತಿಯ ಹಿನ್ನೀರಿನ ಶೆಟ್ಟಿಹಳ್ಳಿಯ ಹಳೆಯ ಚರ್ಚು ಚಿತ್ರೀಕರಣಕ್ಕೆ ಎಲ್ಲರಿಗೂ ಇಷ್ಟವಾದ ಜಾಗ, ಆದರೆ ಛಾವಣಿಯಿಲ್ಲದ ಆ ಕಮಾನುಗಳ ನಡುವೆ, ತೆರೆದ ಕಿಟಕಿಗಳ ಎದುರು ನಿಂತು ಕೊಳಲು ಹಿಡಿದರೆ ಗಾಳಿ ಒಟ್ಟುಗೂಡಿ ಬರುವ ದಾರಿಯಲ್ಲೇ ನಿಂತಂತಾಗುತ್ತದೆ. ಕಿಟಕಿ, ಕಮಾನುಗಳನ್ನು ಬಿಟ್ಟು ಇಡಿಯಾದ ಗೋಡೆಯ ಪಕ್ಕಕ್ಕೆ ಸರಿಯಬೇಕು.

ಕೆರೆಯ ದಡದಲ್ಲಿ ಗಾಳಿಗೆ ನೀರಿನ ಮೇಲೆ ಯಾವ ಅಡೆತಡೆಯೂ ಇಲ್ಲದಿರುವುದರಿಂದ ಅದು ಪೂರ್ತಿ ವೇಗದಲ್ಲಿ ಏರಿಗೆ ಬಂದು ಬಡಿಯುತ್ತದೆ. ಹಿರೇಕೊಳಲೆ ಕೆರೆಯಾಗಲಿ ಅಯ್ಯನಕೆರೆಯಾಗಲಿ, ಏರಿಯ ಮೇಲೆ ನಿಲ್ಲುವುದಕ್ಕಿಂತ ಗಾಳಿ ನೀರಿನತ್ತ ಬೀಸುವ ದಡವನ್ನು, ಮರಗಳು ಬೆನ್ನಿಗಿರುವಂತೆ ಆರಿಸಿಕೊಂಡರೆ ನೋಟವೂ ಉಳಿಯುತ್ತದೆ, ನಾದವೂ ಉಳಿಯುತ್ತದೆ. ಬೆಟ್ಟದ ವಿಷಯ ಇನ್ನೂ ಕಠಿಣ. ಇಳಿಜಾರನ್ನು ಹತ್ತಿ ಬರುವ ಗಾಳಿ ನೆತ್ತಿಯನ್ನು ದಾಟುವಾಗ ವೇಗ ಹೆಚ್ಚಿಸಿಕೊಳ್ಳುವುದರಿಂದ 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೊಳಲು ನುಡಿಸುವ ಯೋಜನೆಯನ್ನು ಬೆಳಗಿನ ಶಾಂತ ಹವೆಯನ್ನು ನಂಬಿ ಹಾಕಿಕೊಳ್ಳುವಂತಿಲ್ಲ. ಊರಿನ ಮೈದಾನಗಳಲ್ಲಿ ಮಧ್ಯಾಹ್ನ ಎದ್ದ ಗಾಳಿ ಸೂರ್ಯಾಸ್ತದ ಹೊತ್ತಿಗೆ ಇಳಿಯುವುದು ಸಾಮಾನ್ಯ. ಶಿಖರಗಳಿಗೆ ಆ ನಿಯಮವಿಲ್ಲ. ಅಲ್ಲಿ ಚಿತ್ರವನ್ನು ಬೇರೆಯಾಗಿ, ನಾದವನ್ನು ಬೇರೆಯಾಗಿ ಮುದ್ರಿಸಿಕೊಂಡು ಆಮೇಲೆ ಜೋಡಿಸುವುದು ಪ್ರಾಮಾಣಿಕವಾದ ದಾರಿಯೇ ಹೌದು, ಕೊಳಲನ್ನು ಹಿಂಸಿಸುವುದಕ್ಕಿಂತ ಅದು ಮೇಲು.

ಮರಗಳ ಸಾಲು ಗೋಡೆಗಿಂತ ಒಳ್ಳೆಯ ಮರೆ ಎಂಬುದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ನಿಜ. ಇಡಿಯಾದ ಗೋಡೆಯನ್ನು ದಾಟಿದ ಗಾಳಿ ಆಚೆ ಬದಿಯಲ್ಲಿ ಕೆಳಕ್ಕೆ ಧುಮುಕಿ ಸುಳಿಯಾಗುತ್ತದೆ. ಅರ್ಧದಷ್ಟು ಗಾಳಿಯನ್ನು ಒಳಬಿಡುವ ತಡೆಯಾದರೆ, ಹೀಗೆ ನುಸುಳಿ ಬಂದ ನಿಧಾನಗಾಳಿ ಮೇಲಿನಿಂದ ಬರುವ ಗಾಳಿ ಕೆಳಗಿಳಿಯದಂತೆ ನೋಡಿಕೊಳ್ಳುತ್ತದೆ. ಆದ್ದರಿಂದ ಅದರ ಹಿಂದೆ ತಡೆಯ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿಯ ವೇಗ ಕುಗ್ಗಿರುತ್ತದೆ, ಸುಳಿ ಕಡಿಮೆಯಿರುತ್ತದೆ. ತೋಟದ ಅಂಚಿನ ಸಿಲ್ವರ್ ಓಕ್ ಸಾಲು ಕಾಫಿಗಿಡಗಳಿಗೆ ಮಾಡುವ ಉಪಕಾರ ಇದೇ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗಕ್ಕೆ ಎರಡನೇ ವೀರಬಲ್ಲಾಳನ ಕಾಲದಲ್ಲಿ ಸೇರಿಸಿದ ಕಲ್ಲಿನ ಜಾಲಂಧ್ರಗಳ ಹಿಂದೆ ನಿಂತವರಿಗೆ, ಹೊರಗೆ ಜೋರಾಗಿ ಬೀಸುವ ಗಾಳಿ ಒಳಗೆ ಬರಿಯ ತಂಪಾಗಿ ಮುಟ್ಟುವುದು ಗೊತ್ತಿರುತ್ತದೆ. ಅಲ್ಲಿ ಕೂತು ನುಡಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕೆಂಬುದು ಬೇರೆ ಮಾತು. ತತ್ವವನ್ನಂತೂ ನಮ್ಮ ಪೆಂಡಾಲಿಗೆ ತೆಗೆದುಕೊಂಡು ಬರಬಹುದು.

ಪರದೆಗಳು: ಟಾರ್ಪಾಲು, ಶಾಮಿಯಾನದ ಬಟ್ಟೆ, ತಡಿಕೆ, ನೆರಳುಬಲೆ

ವೇದಿಕೆಯ ಹಿಂದೆ ಮತ್ತು ಪಕ್ಕಕ್ಕೆ ಏನಾದರೂ ಕಟ್ಟಬಹುದಾದ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಮೊದಲು ಕೈಗೆ ಸಿಗುವುದು ಟಾರ್ಪಾಲು. ಅದು ಮಳೆಯ ಎರಚಲನ್ನು ಪೂರ್ತಿ ತಡೆಯುತ್ತದೆ, ಈ ಒಂದು ಗುಣಕ್ಕಾಗಿ ಮಳೆಗಾಲದಲ್ಲಿ ಅದನ್ನು ಬಿಡುವಂತಿಲ್ಲ. ಗಾಳಿಯ ದೃಷ್ಟಿಯಿಂದ ಮಾತ್ರ ಅದು ಗೋಡೆಯಂತೆ ವರ್ತಿಸಿ ಸುಳಿ ಎಬ್ಬಿಸುತ್ತದೆ, ಬಿಗಿಯಿಲ್ಲದಿದ್ದರೆ ಪಟಪಟ ಎಂದು ಬಡಿದುಕೊಂಡು ಮೈಕಿಗೂ ಆ ಸದ್ದನ್ನು ತುಂಬುತ್ತದೆ. ಇನ್ನೊಂದು ವಿಷಯ ಅಪಾಯಕ್ಕೆ ಸಂಬಂಧಿಸಿದ್ದು. 3 ಮೀಟರ್ ಅಗಲ, 2 ಮೀಟರ್ ಎತ್ತರದ ಟಾರ್ಪಾಲಿನ ಮೇಲೆ ಗಂಟೆಗೆ 20 ಕಿಲೋಮೀಟರಿನ ಗಾಳಿ ಹೊರಿಸುವ ಒತ್ತಡ ಸುಮಾರು 13–14 ಕಿಲೋ ಭಾರಕ್ಕೆ ಸಮ, ಗಾಳಿಯ ವೇಗ ಎರಡು ಪಟ್ಟಾದರೆ ಈ ಒತ್ತಡ ನಾಲ್ಕು ಪಟ್ಟಾಗಿ 50 ಕಿಲೋ ದಾಟುತ್ತದೆ. ಕುರ್ಚಿಗೂ ಸ್ಪೀಕರ್ ಸ್ಟ್ಯಾಂಡಿಗೂ ಅದನ್ನು ಕಟ್ಟುವುದು ಸಲ್ಲದು. ನೆಲಕ್ಕೆ ಹೂತ ಗೂಟಗಳೇ ಬೇಕು.

ಶಾಮಿಯಾನದ ಪಕ್ಕದ ಬಟ್ಟೆ ತಕ್ಕಮಟ್ಟಿಗೆ ಗಾಳಿಯನ್ನು ಒಳಬಿಡುತ್ತದಾದರೂ ಅದನ್ನು ಮೇಲಷ್ಟೇ ಕಟ್ಟಿ ಕೆಳಗೆ ಬಿಟ್ಟುಬಿಡುವುದು ವಾಡಿಕೆ. ಕೆಳಗಿನ ಸಂದಿಯಿಂದ ನುಗ್ಗುವ ಗಾಳಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ವಾದಕರ ಎದೆಯ ಮಟ್ಟಕ್ಕೇ ಬರುತ್ತದೆ. ಬಟ್ಟೆಯ ಕೆಳ ಅಂಚನ್ನು ಒಂದು ಬಿದಿರಿನ ಗಳಕ್ಕೆ ಸುತ್ತಿ ನೆಲಕ್ಕೆ ಒತ್ತಿಸಿದರೆ ಅದೇ ಬಟ್ಟೆ ಎರಡರಷ್ಟು ಉಪಯೋಗಕ್ಕೆ ಬರುತ್ತದೆ. ತೆಂಗಿನ ಗರಿಯ ತಡಿಕೆ ಹಾಸನದ ಬಯಲುಸೀಮೆಯ ಕಡೆ ಇನ್ನೂ ಸುಲಭವಾಗಿ ಸಿಗುತ್ತದೆ. ಹೆಣಿಗೆಯ ಸಂದಿಗಳಿಂದಾಗಿ ಅದು ಒಳ್ಳೆಯ ಗಾಳಿಮರೆ, ಬಡಿದುಕೊಳ್ಳುವುದಿಲ್ಲ, ನೋಡಲೂ ಚೆಂದ. ಒಣಗಿದ ಗರಿ ಹೊಸದಕ್ಕಿಂತ ಹೆಚ್ಚು ಸದ್ದು ಮಾಡುವುದರಿಂದ ಹಸಿರು ಗರಿಯದನ್ನೇ ಆರಿಸಬೇಕು.

ಈ ನಾಲ್ಕರಲ್ಲಿ ನಾನು ಶಿಫಾರಸು ಮಾಡುವುದು ಕಾಫಿ, ಮೆಣಸಿನ ನರ್ಸರಿಗಳಲ್ಲಿ ಮೇಲೆ ಹೊದಿಸುವ ನೆರಳುಬಲೆಯನ್ನು, ಅದರಲ್ಲೂ 50 ಶೇಕಡಾ ನೆರಳಿನದನ್ನು. ಅದು ಹಗುರ, ಮಡಿಸಿ ಚೀಲದಲ್ಲಿ ಒಯ್ಯಬಹುದು, ಗಾಳಿಯ ಒಂದು ಭಾಗವನ್ನು ಒಳಬಿಡುವುದರಿಂದ ಗೂಟಗಳ ಮೇಲೆ ಟಾರ್ಪಾಲಿನಷ್ಟು ಭಾರ ಬೀಳುವುದಿಲ್ಲ, ಸುಳಿಯೂ ಏಳುವುದಿಲ್ಲ. ತೋಟದ ಕೆಲಸಕ್ಕೆ ಉಳಿದ ತುಂಡು ಅನೇಕರ ಮನೆಯ ಕೊಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ಎರಡು ಮೀಟರ್ ಎತ್ತರಕ್ಕೆ ಬಿಗಿಯಾಗಿ ಎಳೆದು ಕಟ್ಟಿ, ವಾದಕರು ಅದರಿಂದ ಎರಡು ಮೂರು ಮೀಟರ್ ಮುಂದೆ ಕೂರಬೇಕು, ಬಲೆಯ ಅಗಲ ವಾದಕರ ಎರಡೂ ಬದಿಗೆ ಕನಿಷ್ಠ ಒಂದೊಂದು ಮೀಟರ್ ಹೆಚ್ಚಿರಬೇಕು. ಹಸಿರು ಬಲೆ ಮದುವೆಯ ಅಲಂಕಾರಕ್ಕೆ ಒಪ್ಪುವುದಿಲ್ಲ ಎನ್ನುವವರು ಅದರ ಮುಂದೆ ಬಾಳೆಕಂಬ, ಮಾವಿನ ತೋರಣ, ಹೂವಿನ ಸರಗಳನ್ನು ಇಳಿಬಿಟ್ಟರೆ ಬಲೆ ಕಾಣಿಸುವುದಿಲ್ಲ. ಇಡೀ ಬಲೆಯನ್ನು ಫ್ಲೆಕ್ಸ್ ಬ್ಯಾನರಿನಿಂದ ಮುಚ್ಚಿದರೆ ಮಾತ್ರ ಅದು ಮತ್ತೆ ಟಾರ್ಪಾಲೇ ಆಗಿಬಿಡುತ್ತದೆ.

ಕೊಳಲಿಗೇ ಸಿಕ್ಕಿಸುವ ತಡೆ

ಉತ್ಸವಮೂರ್ತಿಯ ಹಿಂದೆ ನಡೆಯುತ್ತ ನುಡಿಸುವವರಿಗೆ ಬಲೆಯೂ ಇಲ್ಲ, ದಿಕ್ಕಿನ ಆಯ್ಕೆಯೂ ಇಲ್ಲ. ರಥಬೀದಿ ತಿರುಗಿದ ಹಾಗೆಲ್ಲ ಗಾಳಿ ತಿರುಗುತ್ತದೆ. ಅವರಿಗೆ ಉಳಿದಿರುವುದು ಊದುವ ರಂಧ್ರದ ಆಚೆ ನಿಲ್ಲುವ ಒಂದು ಚಿಕ್ಕ ತಡೆ. ಪಾಶ್ಚಾತ್ಯ ಲೋಹದ ಕೊಳಲಿಗೆಂದು ವಿನ್-ಡಿ-ಫೆಂಡರ್ ಎಂಬ ಹೆಸರಿನಲ್ಲಿ ಇಂಥ ಸಾಧನ ಮಾರಾಟಕ್ಕಿದೆ. ಆ ಕೊಳಲುಗಳಲ್ಲಿ ತುಟಿ ಇಡುವ ಜಾಗಕ್ಕೆ ಪ್ರತ್ಯೇಕವಾದ ಲೋಹದ ಫಲಕವಿರುತ್ತದೆ, ಕೊಳವೆಯ ಗಾತ್ರವೂ ಹೆಚ್ಚುಕಡಿಮೆ ಒಂದೇ. ನಮ್ಮ ಬಿದಿರಿನ ಕೊಳಲಿಗೆ ಫಲಕವಿಲ್ಲ, ಒಂದೊಂದು ಶ್ರುತಿಗೆ ಒಂದೊಂದು ದಪ್ಪ, ಆದ್ದರಿಂದ ಅಂಥದನ್ನು ತರಿಸಿ ಕೂರಿಸಲು ಹೆಣಗುವುದಕ್ಕಿಂತ ಮನೆಯಲ್ಲೇ ಮಾಡಿಕೊಳ್ಳುವುದು ಸರಿ.

ಪಾರದರ್ಶಕವಾದ ಗಟ್ಟಿ ಪ್ಲಾಸ್ಟಿಕ್ ಫೈಲಿನ ಹೊದಿಕೆಯಿಂದ ಸುಮಾರು 10 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ತುಂಡನ್ನು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಅಂಗೈ ಬಾಗಿಸಿದಂತೆ ಒಳಮುಖವಾಗಿ ಬಾಗಿಸಬೇಕು. ಅದರ ಕೆಳ ಅಂಚನ್ನು ಊದುವ ರಂಧ್ರದ ಎಡಕ್ಕೂ ಬಲಕ್ಕೂ ಒಂದೊಂದು ವೆಲ್ಕ್ರೋ ಪಟ್ಟಿಯಿಂದ ಕೊಳಲಿಗೆ ಬಿಗಿದರೆ ತುಂಡು ತುಟಿಯ ಎದುರು ಬದಿಯಲ್ಲಿ ನಿಂತುಕೊಳ್ಳುತ್ತದೆ. ರಂಧ್ರದ ಅಂಚಿಗೂ ಪ್ಲಾಸ್ಟಿಕ್ಕಿಗೂ ನಡುವೆ ಎರಡು ಬೆರಳಗಲದ ಅಂತರ ಇರಲೇಬೇಕು, ಮೇಲ್ಭಾಗ ತೆರೆದಿರಬೇಕು. ಒಳಮೈಗೆ ತೆಳುವಾದ ಸ್ಪಂಜನ್ನು ಅಂಟಿಸಿದರೆ ನಾದ ಡಬ್ಬಿಯೊಳಗಿನಿಂದ ಬಂದಂತೆ ಕೇಳುವುದು ಕಡಿಮೆಯಾಗುತ್ತದೆ. ಬಿದಿರಿನ ಮೈಗೆ ನೇರವಾಗಿ ಗಮ್ ಟೇಪು ಹಚ್ಚಬಾರದು. ತೆಗೆಯುವಾಗ ಮೆರುಗು ಕಿತ್ತುಬರುತ್ತದೆ, ದಾರದ ಸುತ್ತುಗಳೂ ಸಡಿಲವಾಗುತ್ತವೆ.

ಇದರ ಬೆಲೆಯನ್ನು ನಾದದಲ್ಲಿ ತೆರಬೇಕು. ಕೊಳಲಿನ ಧ್ವನಿ ತೆರೆದ ಸ್ವರರಂಧ್ರಗಳಿಂದ ಹೇಗೋ ಹಾಗೆಯೇ ಊದುವ ರಂಧ್ರದಿಂದಲೂ ಹೊರಬರುತ್ತದೆ. ಆ ರಂಧ್ರದ ಹತ್ತಿರ ಏನೇ ನಿಲ್ಲಿಸಿದರೂ ಶ್ರುತಿ ತುಸು ಇಳಿಯುತ್ತದೆ, ಧ್ವನಿಯ ಹೊಳಪು ಮಂಕಾಗುತ್ತದೆ. ಟ್ಯೂನರ್ ಆ್ಯಪ್ ಎದುರಿಗಿಟ್ಟುಕೊಂಡು ತಡೆಯಿಲ್ಲದೆ ಒಮ್ಮೆ, ತಡೆಯೊಡನೆ ಒಮ್ಮೆ ಮಂದ್ರದ ಪಂಚಮ ನುಡಿಸಿ ನೋಡಬೇಕು. ವ್ಯತ್ಯಾಸ ಕಿವಿಗೆ ತಿಳಿಯುವಷ್ಟಿದ್ದರೆ ಅಂತರವನ್ನು ಹೆಚ್ಚಿಸಬೇಕು. ಎದುರುಗಾಳಿಗೆ ಈ ತಡೆ ಚೆನ್ನಾಗಿ ಕೆಲಸ ಮಾಡುತ್ತದೆ, ಪಕ್ಕದ ಗಾಳಿಗೆ ಅರ್ಧಂಬರ್ಧ, ಹಿಂದಿನ ಗಾಳಿಗೆ ಅದು ಉಪಕಾರದ ಬದಲು ಅಪಕಾರವನ್ನೇ ಮಾಡಬಹುದು, ಏಕೆಂದರೆ ತಲೆಯನ್ನು ಸುತ್ತಿ ಬಂದ ಗಾಳಿ ಆ ಬೋಗುಣಿಯೊಳಗೆ ಸಿಕ್ಕಿಕೊಳ್ಳುತ್ತದೆ. ಕುಳಿತು ನುಡಿಸುವ ಕಛೇರಿಗೆ ಇದನ್ನು ನಾನು ಸೂಚಿಸುವುದಿಲ್ಲ. ಹೆಗಲ ಮೇಲಿನ ಶಾಲನ್ನು ಮುಂದಕ್ಕೆಳೆದುಕೊಂಡು ಮರೆ ಮಾಡಿಕೊಳ್ಳುವುದನ್ನಂತೂ ಯಾರಿಗೂ ಸೂಚಿಸಲಾರೆ; ಬಟ್ಟೆ ಹಾರಿ ಬೆರಳಿನ ಮೇಲೆ ಬೀಳುತ್ತದೆ.

ಕೊಳಲನ್ನೇ ಬದಲಿಸುವುದು

ಚಿಕ್ಕ ಕೊಳಲಿಗೆ ವೇಗವಾದ ಉಸಿರು ಬೇಕಾಗುವುದರಿಂದ ಅದು ಗಾಳಿಯನ್ನು ಹೆಚ್ಚು ತಾಳಿಕೊಳ್ಳುತ್ತದೆ. ಸುಮಾರು 30 ಅಂಗುಲದ ಬಾನ್ಸುರಿಗೆ (ಹಿಂದುಸ್ತಾನಿ ಶೈಲಿಯ ಉದ್ದ ಕೊಳಲಿಗೆ) ಹೋಲಿಸಿದರೆ ಅದಕ್ಕಿಂತ ಚಿಕ್ಕದಾದ, ಐದು ಮನೆ ಶ್ರುತಿಯ (ಪಾಶ್ಚಾತ್ಯ ಲೆಕ್ಕದಲ್ಲಿ ಜಿ) ಕರ್ನಾಟಕ ಶೈಲಿಯ ಕೊಳಲು ಬಯಲಿನಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಹಾಡುಗಾರರ ಶ್ರುತಿಗೆ ಕಟ್ಟುಬಿದ್ದವರಿಗೆ ಈ ಸ್ವಾತಂತ್ರ್ಯವಿಲ್ಲ, ಅವರು ರಚನೆಯ ಆಯ್ಕೆಯಲ್ಲಿ ಮಧ್ಯ ಮತ್ತು ತಾರಸ್ಥಾಯಿಗಳಲ್ಲಿ ಓಡಾಡುವಂಥದನ್ನು ಹಿಡಿಯಬಹುದು. ಕೊಳಲನ್ನು ತುಟಿಯತ್ತ ಸ್ವಲ್ಪ ಒಳಕ್ಕೆ ಹೊರಳಿಸಿದರೆ ಉಸಿರು ದಾಟಬೇಕಾದ ದೂರ ಕಡಿಮೆಯಾಗಿ ಸ್ವರ ನಿಲ್ಲುತ್ತದೆ, ಆದರೆ ಶ್ರುತಿಯೂ ಇಳಿಯುತ್ತದೆ. ತಣ್ಣನೆಯ ಗಾಳಿ ಮೊದಲೇ ಶ್ರುತಿಯನ್ನು ಇಳಿಸಿರುವಾಗ ಈ ಉಪಾಯ ಕಷ್ಟವನ್ನು ಇಮ್ಮಡಿಗೊಳಿಸುತ್ತದೆ.

ಪಿವಿಸಿ ಕೊಳಲು ಗಾಳಿಯನ್ನು ಬಿದಿರಿಗಿಂತ ಚೆನ್ನಾಗಿ ತಡೆಯುತ್ತದೆ ಎಂಬ ಮಾತನ್ನು ಕೇಳಿದ್ದೇನೆ. ಉಸಿರಿನ ಪಟ್ಟಿಗೆ ಸಂಬಂಧಿಸಿದಂತೆ ಎರಡಕ್ಕೂ ವ್ಯತ್ಯಾಸವಿಲ್ಲ. ಅದರ ಅನುಕೂಲವಿರುವುದು ಸೋನೆಮಳೆಗೂ ಒಣಗಾಳಿಗೂ ಅದು ಸೀಳುವುದಿಲ್ಲ ಎಂಬುದರಲ್ಲಿ. ಶಾಲಾ ಮಕ್ಕಳ ಬಯಲಿನ ಸಾಮೂಹಿಕ ವಾದನಕ್ಕೆ ಆ ಕಾರಣಕ್ಕಾಗಿ ಅದು ಒಪ್ಪುತ್ತದೆ.

ಮೈಕಿನ ಹೊದಿಕೆ ಬೇರೆಯೇ ವಿಷಯ

ಮೈಕಿಗೆ ಸ್ಪಂಜಿನ ಟೋಪಿ ಹಾಕಿದ ಮೇಲೆ ಕೊಳಲಿಗೂ ರಕ್ಷಣೆ ಸಿಕ್ಕಿತೆಂದು ತಿಳಿಯುವುದು ತಪ್ಪು. ಮೈಕಿನೊಳಗೆ ಗಾಳಿ ಮಾಡುವ ಗುಡುಗುಡು ಸದ್ದನ್ನು ಅದು ತಗ್ಗಿಸುತ್ತದೆ, ಅಷ್ಟೇ. ಜೋರಾದ ಗಾಳಿಗೆ ಸ್ಪಂಜಿಗಿಂತ ಉದ್ದ ಕೂದಲಿನ ತುಪ್ಪಳದ ಹೊದಿಕೆ ಹೆಚ್ಚು ಪರಿಣಾಮಕಾರಿ. ಇದರ ಜೊತೆಗೆ ಮೈಕ್‌ಸೆಟ್‌ನವರಿಗೆ ಹೇಳಿ ಕೊಳಲಿನ ಚಾನೆಲ್ಲಿನಲ್ಲಿ ಲೋ ಕಟ್ ಗುಂಡಿಯನ್ನು ಒತ್ತಿಸಬೇಕು. ಗಾಳಿಯ ಸದ್ದು ಬಹುಪಾಲು ಇರುವುದು ತೀರಾ ಕೆಳಗಿನ ಕಂಪನಗಳಲ್ಲಿ. 30 ಅಂಗುಲದ ಬಾನ್ಸುರಿಯ ಅತಿ ಕೆಳಗಿನ ಪಂಚಮವೂ 247 ಹರ್ಟ್ಸ್ ಆಸುಪಾಸಿನಲ್ಲಿರುವುದರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸಿದರೂ ಕೊಳಲಿಗೆ ನಷ್ಟವಿಲ್ಲ. ಮೈಕನ್ನು ಉಸಿರು ಹೋಗುವ ದಾರಿಯಲ್ಲಿ ನೇರ ನಿಲ್ಲಿಸದೆ, ಊದುವ ರಂಧ್ರಕ್ಕಿಂತ ಸ್ವಲ್ಪ ಮೇಲಕ್ಕೆ, ಸ್ವರರಂಧ್ರಗಳ ಕಡೆಗೆ ಸರಿಸಿ ಇಡುವುದು ಒಳ್ಳೆಯದು. ಕೊಳಲಿಗೆ ಪ್ಲಾಸ್ಟಿಕ್ ತಡೆ ಸಿಕ್ಕಿಸಿದ್ದರೆ ಮೈಕು ಅದರ ತೆರೆದ ಮೇಲ್ಭಾಗವನ್ನು ನೋಡುವಂತಿರಬೇಕು.

ನುಡಿಸದಿರುವಾಗಿನ ಗಾಳಿ

ಮಾಗಿಯ ಮೂಡಣ ಗಾಳಿ ಬಿದಿರನ್ನು ಒಣಗಿಸುವ ರೀತಿ ಮಳೆಗಾಲದ ಗಾಳಿಗಿಲ್ಲ. ಉಸಿರಿನ ತೇವದಿಂದ ಒಳಮೈ ಉಬ್ಬಿರುವಾಗಲೇ ಹೊರಮೈಗೆ ಒಣಗಾಳಿ ಬಡಿದರೆ ಎರಡರ ನಡುವಿನ ಎಳೆದಾಟದಿಂದ ಬಿದಿರು ಉದ್ದಕ್ಕೆ ಸೀಳು ಬಿಡುತ್ತದೆ. ತನಿ ಆವರ್ತನ (ಮೃದಂಗದಂಥ ತಾಳವಾದ್ಯದವರಷ್ಟೇ ನುಡಿಸುವ ಭಾಗ) ನಡೆಯುವಷ್ಟು ಹೊತ್ತು ಕೊಳಲನ್ನು ತೊಡೆಯ ಮೇಲೆ ಬರಿದಾಗಿ ಇಡುವ ಬದಲು ಬಟ್ಟೆಯ ಚೀಲದೊಳಗೆ ಜಾರಿಸುವುದಕ್ಕೆ ಕ್ಷಣಮಾತ್ರ ಸಾಕು, ಕೊಳಲಿನ ಬಿಸಿಯೂ ಉಳಿದು ಮುಂದಿನ ಕೃತಿಗೆ ಶ್ರುತಿ ಕೈಕೊಡುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಒಳಗಿನ ತೇವವನ್ನು ಕಡ್ಡಿಗೆ ಸುತ್ತಿದ ಹತ್ತಿಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿ, ಪ್ರಯಾಣಕ್ಕೆ ಎರಡೂ ಬದಿ ಮುಚ್ಚಳವಿರುವ ಪಿವಿಸಿ ಪೈಪಿನೊಳಗೆ ಇಡಬೇಕು. ಹೊರಡುವಾಗ ಬೈಕಿನ ಪಕ್ಕಕ್ಕೋ ಕಾರಿನ ತೆರೆದ ಕಿಟಕಿಯ ಬಳಿಗೋ ಕೊಳಲಿನ ಚೀಲವನ್ನು ಸಿಕ್ಕಿಸಿಕೊಂಡು ಹೋಗುವ ಅಭ್ಯಾಸವಿರುವವರು ಈ ತಿಂಗಳುಗಳಲ್ಲಾದರೂ ಅದನ್ನು ಬಿಡಬೇಕು, ಏಕೆಂದರೆ ಹಾಸನದಿಂದ ಚಿಕ್ಕಮಗಳೂರಿನವರೆಗಿನ ದಾರಿಯಲ್ಲಿ ತೆಳುಬಟ್ಟೆಯ ಚೀಲವನ್ನು ದಾಟಿ ಕೊಳಲಿಗೆ ಬಡಿಯುವ ಒಣಗಾಳಿ, ಇಡೀ ಸಂಜೆ ವೇದಿಕೆಯ ಮೇಲೆ ಬಡಿದದ್ದಕ್ಕಿಂತ ಹೆಚ್ಚಾಗಿರುತ್ತದೆ.